ಇಂಟರ್ವಲ್ ಆದ ಮೇಲಿನ ಕಥೆ

ಊರೂರಿಗೂ ಸೀಡಿ ಅಂಗಡಿ ಬಂದಿದ್ದ ಕಾಲವದು. ಚಿಂತಾಮಣಿಯ ಶಾಲೆಯೊಂದರಲ್ಲಿ ಬೇಸಿಗೆ ರಜೆಗೆ ಹದಿಹರೆಯದವರಿಗೆ ಚಿತ್ರಕಥೆ ಬರೆಯುವುದನ್ನು ಕಲಿಸುತ್ತಿದ್ದೆ. ಸಣ್ಣಪುಟ್ಟದ್ದಲ್ಲ, ಪೂರ್ತಿ ಎರಡೂವರೆ ಗಂಟೆಯ ಸಿನಿಮಾ. ಕೈವಾರದ ಹುಡುಗರು ಮೂರನೇ ಪುಟದಲ್ಲೇ ಹತ್ತು ಜನರನ್ನು ಹೊಡೆದುರುಳಿಸಿ, ನಾಲ್ಕನೇ ಪುಟದಲ್ಲಿ ಹಾಡಲು ಸ್ವಿಟ್ಜರ್ಲೆಂಡಿಗೆ ಹೋಗಿಬಿಡುತ್ತಿದ್ದರು. ಬೈದು ಬೈದು ನನ್ನ ಗಂಟಲು ಒಣಗುತ್ತಿತ್ತು. ಈಗ ಆ ಗಲಾಟೆ ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ಅಷ್ಟು ಧೈರ್ಯದಿಂದ ನಾನು ಎಂದೂ ಬರೆದವನಲ್ಲ.

ಕೆಂಚಾರ್ಲಹಳ್ಳಿಯ ಹುಡುಗಿಯೊಬ್ಬಳು ಮಾತ್ರ ತನ್ನ ಮನೆಯನ್ನೇ ಬರೆದಳು. ರೇಷ್ಮೆಹುಳು ಸಾಕುವ ಮನೆ, ಕಾಯಿಲೆ ಬಿದ್ದ ಅಪ್ಪ. ಅಪ್ಪನನ್ನು ಆಸ್ಪತ್ರೆಗೆ ಸೇರಿಸುವಲ್ಲಿಗೆ ಇಂಟರ್ವಲ್. ಓದಿ ನನ್ನ ಕಣ್ಣು ಒದ್ದೆಯಾಗಿತ್ತು. ಆದರೆ ಮುಂದಕ್ಕೆ ಒಂದಕ್ಷರವಿಲ್ಲ. ಕಾದು ಕಾದು ರೇಗಿದೆ.

"ಬರೀ ಆರಂಭಶೂರತ್ವ ಆಯ್ತಲ್ಲಮ್ಮ. ಮಿಕ್ಕಿದ್ದನ್ನ ಯಾರು ಬರೀತಾರೆ?"

"ಇಂಟರ್ವಲ್ ಆದ್ಮೇಲೆ ಹೆಂಗಿರುತ್ತೋ ಗೊತ್ತಿಲ್ಲ ಸಾರ್," ಎಂದಳು. "ನಾವ್ಯಾವತ್ತೂ ಪೂರ್ತಿ ಸಿನಿಮಾ ನೋಡಿಲ್ಲ. ಹುಳಕ್ಕೆ ಸೊಪ್ಪು ಹಾಕ್ಬೇಕು ಅಂತ ಅರ್ಧಕ್ಕೇ ಎದ್ದು ಬರ್ತಿದ್ವಿ. ಮಿಕ್ಕಿದ್ದು ದಾರೀಲಿ ನಮ್ಮಪ್ಪ ಹೇಳ್ತಿದ್ರು."

ಆ ಅಪ್ಪ ತೀರಿಕೊಂಡು ಆಗಲೇ ವರ್ಷವಾಗಿತ್ತು. ಅದು ನನಗೆ ತಿಳಿದದ್ದೇ ಆಗ.

ಆ ಭಾನುವಾರ ಇಡೀ ತರಗತಿಯನ್ನು ಊರಿನ ಟಾಕೀಸಿಗೆ ಕರೆದೊಯ್ದೆ. ಹಳೆಯ ಚಿತ್ರವೊಂದು ಮತ್ತೆ ಬಂದಿತ್ತು. ಅವಳು ಚಿಕ್ಕವಳಿದ್ದಾಗ ಅರ್ಧ ನೋಡಿದ್ದ ಚಿತ್ರವೇ ಅದು. ಕೊನೆಗೆ ನಾಯಕಿಯ ಅಣ್ಣ ಸತ್ತ. ಹುಡುಗರೆಲ್ಲ ಬಸ್ ಸ್ಟ್ಯಾಂಡಿನತ್ತ ಹೊರಟರೂ ಅವಳು ಗೇಟಿನ ಬಳಿ ನಿಂತೇ ಇದ್ದಳು.

"ನಮ್ಮಪ್ಪ ಹೇಳಿದ್ದ ಕಥೇಲಿ ಅಣ್ಣ ಬದುಕ್ತಾನೆ ಸಾರ್. ತಂಗಿ ಮದ್ವೇಲಿ ಅವನೇ ಓಡಾಡ್ತಾನೆ," ಎಂದಳು. ಆಮೇಲೆ ನಗು ಬಂತು ಅವಳಿಗೆ. "ಅಪ್ಪನೂ ನಮ್ ಜೊತೇಲೇ ಎದ್ದು ಬರ್ತಿದ್ರಲ್ವಾ. ಅವ್ರೆಲ್ಲಿ ನೋಡಿದ್ರು?" ನಗುತ್ತಲೇ ಕಣ್ಣೊರೆಸಿಕೊಂಡಳು.

ಮುಂದಿನ ವಾರ ಉಳಿದರ್ಧ ಬರೆದು ತಂದಳು. ಪ್ರೇಕ್ಷಕರನ್ನು ಮೆಚ್ಚಿಸಲು ಸಾಯುವವರನ್ನು ಬದುಕಿಸಬೇಡಿ ಎಂದು ನಾನು ಬೇಸಿಗೆಯುದ್ದಕ್ಕೂ ಬಾಯಿ ಬಡಿದುಕೊಂಡಿದ್ದೆ. ಅವಳ ಕಥೆಯಲ್ಲಿ ಅಪ್ಪ ಆಸ್ಪತ್ರೆಯಿಂದ ನಡೆದೇ ಹೊರಬಂದು, ಊರಿನ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟಿಗಾಗಿ ಮಗಳ ಜೊತೆ ಜಗಳವಾಡುತ್ತಾನೆ. ಹೇಗೆ ಗುಣವಾಯಿತು ಎಂಬುದಕ್ಕೆ ಒಂದು ಸಾಲೂ ಇಲ್ಲ.

"ಚೆನ್ನಾಗಿದೆ ಕಣಮ್ಮ," ಎಂದೆ. "ಹಿಂಗೇ ಇರ್ಲಿ."