ಮಹಡಿ ಮನೆ ಖಾಲಿ ಇತ್ತು

ನಮ್ಮ ಮಲ್ಲೇಶ್ವರದ ಬೀದಿಯಲ್ಲಿ ಯಾರಿಗೂ "ಬಾಡಿಗೆಗೆ ಮನೆ ಕೊಡಲ್ಲ" ಎನ್ನುವ ಪದ್ಧತಿ ಇಲ್ಲ. ಅಷ್ಟು ಒರಟು ಜನ ನಾವಲ್ಲ. "ನೋಡಿ ಹೇಳ್ತೀವಿ" ಎನ್ನುತ್ತೇವೆ. ಹಾಗೆಂದರೆ ಇನ್ನು ಬರಬೇಡ ಎಂದು. ಇದನ್ನು ಯಾರೂ ಕಲಿಸುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ನನಗೂ ಬರುತ್ತದೆ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡೆ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿಕೊಂಡ ನರ್ಸು ಮಣಿಪುರದ ಹುಡುಗಿ, ಕನ್ನಡ ಚೆನ್ನಾಗಿ ಕಲಿತಿದ್ದಳು. ಬೆಡ್‌ಪ್ಯಾನ್ ಇಟ್ಟು, ತೊಳೆದು, ಒರೆಸಿ, ಮಗ್ಗುಲು ಬದಲಿಸುತ್ತಿದ್ದಳು. ಸರಿಯಾಗಿ ಆ ಹೊತ್ತಿಗೇ ನನ್ನ ಸೊಸೆಗೆ ಫೋನು ಬರುತ್ತಿತ್ತು. "ನೀನು ದೇವರು ಕಣಮ್ಮ" ಎಂದು ಮಗ ಕೈಮುಗಿದ. ದೇವರಿಗೂ ಬಾಡಿಗೆಗೆ ಮನೆ ಬೇಕಾಗಬಹುದು ಎಂದು ಅವನಿಗೆ ಹೊಳೆದಿರಲಿಲ್ಲ.

ನಾನು ಕೋಲು ಹಿಡಿದು ಓಡಾಡುವಂತಾದ ಮೇಲೆ ಒಂದು ಭಾನುವಾರ ಅವಳು ಮನೆಗೆ ಬಂದಳು. ಅವಳಿದ್ದ ಹಾಸ್ಟೆಲ್ಲು ತಿಂಗಳ ಕೊನೆಗೆ ಮುಚ್ಚುತ್ತಿತ್ತು. ನಮ್ಮ ಮಹಡಿ ಮನೆ ಖಾಲಿ, ಗೇಟಿಗೆ ಬೋರ್ಡು. ಆಸ್ಪತ್ರೆ ಎರಡು ತಿರುವು ದೂರ.

"ಅಜ್ಜಿ, ನಾನೊಬ್ಳೇ. ಡ್ಯೂಟಿ ಮುಗಿಸ್ಕೊಂಡು ಬಂದು ಮಲಗ್ತೀನಿ, ಅಷ್ಟೇ."

ಮಗ ನನ್ನನ್ನು ಅಡುಗೆಮನೆಗೆ ಕರೆದ. "ಅಮ್ಮ, ಅವ್ರು ಏನೇನೋ ತಿಂತಾರೆ. ವಾಸನೆ ಬರುತ್ತೆ. ನಮ್ದು ಲಿಂಗಪೂಜೆ ಮನೆ."

ಅದಕ್ಕೆ ಮುಂಚೆ ಇದ್ದ ಬಾಡಿಗೆಯವನು ವಾರವಾರ ಕೋಳಿ ತರಿಸಿ ತಿಂದು, ಮೂಳೆಯನ್ನು ನಮ್ಮ ಬಿಲ್ವದ ಗಿಡದ ಬುಡಕ್ಕೆ ಎಸೆಯುತ್ತಿದ್ದ. ಯಾರಿಗೂ ವಾಸನೆ ಬರಲಿಲ್ಲ. ಅವನ ಮುಖ ನಮ್ಮ ಮುಖದ ಹಾಗೇ ಇತ್ತು.

"ನೀನೇ ಹೇಳ್ಬಿಡಮ್ಮ. ನಾನ್ ಹೇಳಿದ್ರೆ ಚೆನ್ನಾಗಿರಲ್ಲ."

ಇಂಥ ಕೆಲಸಕ್ಕೆ ಮುದುಕಿಯರನ್ನು ಮುಂದೆ ಬಿಡುತ್ತಾರೆ. ನಾನೂ ಹೋದೆ. ಸೊಸೆ ಕಾಫಿ ಕೊಟ್ಟಳು. ಮನೆ ತುಂಬ ಸ್ಟೀಲ್ ಲೋಟ ಇರುವಾಗ ಆ ಪೇಪರ್ ಲೋಟ ಎಲ್ಲಿತ್ತೋ. ನಾನು ಕುಂಕುಮ ಕೊಟ್ಟು, "ನೋಡಿ ಹೇಳ್ತೀವಿ ಕಣಮ್ಮ" ಎಂದೆ. ನನ್ನ ಕುಂಡೆಯ ಕೆಳಗೆ ಹೋದ ಕೈ ನಮ್ಮ ಮಹಡಿಯ ಬಾಗಿಲ ಚಿಲಕ ಮುಟ್ಟುವಂತಿರಲಿಲ್ಲ.

ಹುಡುಗಿ ನಮ್ಮ ಬೀದಿಗೆ ಹೊಸಬಳು, ನಂಬಿದಳು. ಎರಡು ಸಲ ಫೋನು ಮಾಡಿದಳು. ಅವಳು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲೇ ನಮ್ಮ ಬೋರ್ಡು ನೇತಾಡುತ್ತಿತ್ತು. ಕೊನೆಗೆ ಓಕಳಿಪುರಂನಲ್ಲಿ, ರೈಲು ಹಳಿಯ ಪಕ್ಕ, ಇನ್ನು ಮೂವರ ಜೊತೆ ಒಂದು ರೂಮು ಹಿಡಿದಳಂತೆ. "ಒಳ್ಳೇದೇ ಆಯ್ತು ಬಿಡು, ಅವ್ರ ಜನಾನೇ ಸಿಕ್ತಾರೆ" ಎಂದ ಮಗ.

ಮೊನ್ನೆ ಸೊಂಟ ಮತ್ತೆ ಹಿಡಿದುಕೊಂಡು ಹಾಸಿಗೆಗೆ ಬಿದ್ದೆ. ಮನೆಗೆ ಬಂದ ಇಬ್ಬರು ಆಯಾಗಳ ಕೈ ಒಗ್ಗಲಿಲ್ಲ. ನಾನೇ ಅವಳಿಗೆ ಫೋನು ಮಾಡಿದೆ.

"ದಿನಾ ಬೆಳಿಗ್ಗೆ ಒಂದ್ ಗಳಿಗೆ ಬಂದು ಹೋಗಮ್ಮ. ನಿನ್ ಕೈನೇ ಬೇಕು ನಂಗೆ."

ಆ ಕಡೆ ರೈಲೊಂದು ಸದ್ದು ಮಾಡುತ್ತ ಹಾದುಹೋಯಿತು. ಆಮೇಲೆ ತುಂಬ ಮರ್ಯಾದೆಯಿಂದ, "ನೋಡಿ ಹೇಳ್ತೀನಿ ಅಜ್ಜಿ" ಎಂದಳು.

"ಬರ್ತಾಳಂತಾ?" ಎಂದು ಮಗ ಕೇಳಿದ.

"ಬೆಡ್‌ಪ್ಯಾನ್ ಮಂಚದ ಕೆಳಗಿದೆ," ಎಂದೆ, "ನೀನೇ ಎತ್ಕೋ."