ಇನ್ನೂರೈವತ್ತು ಗ್ರಾಮಿನ ಚನ್ನವೀರಯ್ಯ

ಮಿಕ್ಸಿ ರಿಪೇರಿಗೆ ಕೊಟ್ಟವರು ‘ಯಾವಾಗ ಸಿಗುತ್ತೆ?’ ಎಂದರೆ ‘ಉಪಗ್ರಹದ ಕೆಲಸ ಮುಗೀಲಿ’ ಎಂದು ಉತ್ತರ ಕೊಡುವವರು ಇಡೀ ತುಮಕೂರಿನಲ್ಲಿ ಬಟವಾಡಿಯ ಚನ್ನವೀರಯ್ಯನವರೊಬ್ಬರೇ. ಮೊದಮೊದಲು ಜನ ಇದನ್ನು ರಿಪೇರಿಯವರ ಹೊಸ ನಮೂನೆಯ ಸುಳ್ಳು ಅಂದುಕೊಂಡರು. ಸಾಮಾನನ್ನು ಕಣ್ಣಾರೆ ಕಂಡ ಮೇಲೆ, ಸುಳ್ಳಾದರೂ ಶ್ರದ್ಧೆಯಿಂದ ಮಾಡಿದ್ದಾರೆ ಎಂದು ತೀರ್ಮಾನಿಸಿದರು.

ಅಂಗೈ ಮೇಲೆ ಕೂರುವ ಪುಟ್ಟ ಚೌಕದ ಡಬ್ಬಿ ಅದು. ಚೌಕಟ್ಟನ್ನು ಕೊರೆದುಕೊಟ್ಟವನು ಗುಬ್ಬಿಯ ಲೇತ್ ಅಶ್ವಥ್. ಆಂಟೆನಾ, ಕುಣಿಗಲ್ಲಿನ ಬಡಗಿ ತಿಮ್ಮರಾಜು ಕೊಟ್ಟ ಉಕ್ಕಿನ ಅಳತೆ ಟೇಪಿನ ತುಂಡು. ಮಡಚಿಟ್ಟು ಬಿಟ್ಟರೆ ತಾನೇ ಚಟ್ಟನೆ ನೆಟ್ಟಗಾಗುತ್ತದೆ. ಬಾಹ್ಯಾಕಾಶದ ಚಳಿಯ ಪರೀಕ್ಷೆ ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ, ಬಿಸಿಲಿನ ಪರೀಕ್ಷೆ ಬೇಕರಿಯ ಒಲೆಯಲ್ಲಿ, ಬನ್ನುಗಳ ಪಕ್ಕದಲ್ಲಿ. ಹುತ್ರಿದುರ್ಗದ ಬೆಟ್ಟದ ತುದಿಗೆ ಹೊತ್ತುಕೊಂಡು ಹೋಗಿ ಚಾಲೂ ಮಾಡಿದಾಗ, ಬಟವಾಡಿಯ ತಾರಸಿಯಲ್ಲಿ ರೇಡಿಯೋ ಹಿಡಿದು ಕೂತಿದ್ದ ಹೆಂಡತಿ ಕರಿಬಸಮ್ಮನವರು ಫೋನಿನಲ್ಲಿ ‘ಕೇಳಿಸ್ತು ಕಣ್ರೀ, ಹಲ್ಲಿ ಲೊಚಗುಟ್ಟಿದ ಹಂಗೆ’ ಎಂದರು. ಚನ್ನವೀರಯ್ಯನವರ ಜೀವನದಲ್ಲಿ ಅಂಥ ಹೊಗಳಿಕೆ ಮತ್ತೆ ಸಿಕ್ಕಿಲ್ಲ.

ರಾಕೆಟ್ ಹಾರಿಸುವ ಕಂಪನಿಯೊಂದು ಹವ್ಯಾಸಿಗಳಿಗೆಂದು ಒಂದಿಷ್ಟು ಜಾಗ ಬಿಟ್ಟುಕೊಟ್ಟಿತ್ತು. ಷರತ್ತು ಒಂದೇ: ತೂಕ ಇನ್ನೂರೈವತ್ತು ಗ್ರಾಂ ದಾಟಕೂಡದು. ದಾಟಿದರೆ ಮನೆಗೆ ವಾಪಸು. ಬೆಂಗಳೂರಿನಲ್ಲಿ ಒಪ್ಪಿಸಲು ಕಡೆಯ ದಿನ ಶುಕ್ರವಾರ, ಸಂಜೆ ನಾಲ್ಕು ಗಂಟೆಯೊಳಗೆ.

ಶುಕ್ರವಾರ ಬೆಳಿಗ್ಗೆ ಅಂಗಡಿಯಲ್ಲಿ ಪೂಜೆ. ನಮ್ಮ ಕಡೆ ದಾನಿಗಳ ಹೆಸರಿಲ್ಲದ ವಸ್ತು ಇನ್ನೂ ಹುಟ್ಟಿಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನ ತುಂಬ ದಾನಿಯ ಹೆಸರು ಬರೆಸಿ, ಬೆಳಕು ಆಚೆ ಬರಲು ಸಂದು ಹುಡುಕಬೇಕಾಗುತ್ತದೆ. ಸೌರ ಹಾಳೆಗಳನ್ನು ಕೊಡಿಸಿದ್ದ ಗುಬ್ಬಿಯ ಕೊಬ್ಬರಿ ವ್ಯಾಪಾರಿ ವೆಂಕಟರಂಗಯ್ಯ ಜೇಬಿನಿಂದ ಹಿತ್ತಾಳೆಯ ಫಲಕ ತೆಗೆದರು. ತಂದೆಯವರ ಹೆಸರು, ತಮ್ಮ ಹೆಸರು, ಕೊಬ್ಬರಿ ಮಂಡಿಯ ಫೋನ್ ನಂಬರು.

“ಫೋನ್ ನಂಬರ್ ಯಾಕೆ ರಂಗಯ್ಯನೋರೆ? ಮೇಲೆ ಯಾರವ್ರೆ ಕೊಬ್ಬರಿ ತಗೊಳೋರು?” ಎಂದರು ಚನ್ನವೀರಯ್ಯ.

“ಇರ್ಲಿ ಬುಡು. ಇವತ್ತಿಲ್ಲ, ನಾಳೆ ಬತ್ತಾರೆ.”

ಅವರದು ಅಂಟಿದ ಮೇಲೆ ಅಶ್ವಥ್ ಸುಮ್ಮನಿದ್ದಾನೆಯೇ? ತಿಮ್ಮರಾಜು ಬಿಟ್ಟಾನೆಯೇ? ಇಬ್ಬರ ಜೇಬಿನಲ್ಲೂ ಫಲಕಗಳಿದ್ದವು. ದಾಕ್ಷಿಣ್ಯದ ಮನುಷ್ಯ ಚನ್ನವೀರಯ್ಯ ಮೂರನ್ನೂ ಅಂಟಿಸಿದರು. ಒಂದು ಫಲಕ ಸೌರ ಹಾಳೆಯ ಮೇಲೇ ಕೂತಿತು. ಟ್ಯೂಬ್‌ಲೈಟಿನಲ್ಲಿ ಬೆಳಕು ಆಚೆ ಬರುವಂತಿಲ್ಲ, ಇಲ್ಲಿ ಒಳಗೆ ಹೋಗುವಂತಿಲ್ಲ. ನಂತರ ವಿಭೂತಿ, ಕುಂಕುಮ, ಗಂಧ.

“ಒಂದ್ಸಲ ತೂಕ ನೋಡ್ಬಾರ್ದಾ?” ಎಂದರು ಕರಿಬಸಮ್ಮ. ಎಲ್ಲರೂ ಎದುರಿನ ಲಕ್ಷ್ಮೀಕಾಂತ್ ಅವರ ಚಿನ್ನದಂಗಡಿಗೆ ನಡೆದರು. ಮಿಲಿಗ್ರಾಂ ಹೇಳುವ ತಕ್ಕಡಿ ಅಲ್ಲಿತ್ತು.

ಇನ್ನೂರ ಎಂಬತ್ತಮೂರು ಗ್ರಾಂ.

“ವೇಸ್ಟೇಜ್ ಸೇರಿಸಿಲ್ಲ ಸಾರ್,” ಎಂದರು ಲಕ್ಷ್ಮೀಕಾಂತ್, ಅಭ್ಯಾಸಬಲದಿಂದ.

ಯಾರದು ಮೊದಲು ಕೀಳುವುದು? ಅಶ್ವಥ್ ತಿಮ್ಮರಾಜುವನ್ನು ನೋಡಿದ, ತಿಮ್ಮರಾಜು ವೆಂಕಟರಂಗಯ್ಯನವರನ್ನು ನೋಡಿದ, ವೆಂಕಟರಂಗಯ್ಯ ಚಾವಣಿಯ ಫ್ಯಾನು ನೋಡಿದರು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

“ನಂದು ಕೀಳಣ್ಣ,” ಎಂದ ಅಶ್ವಥ್. ತಿಮ್ಮರಾಜುವಿನದೂ ಬಂತು. ವೆಂಕಟರಂಗಯ್ಯನವರು ಮುಖ ಆ ಕಡೆ ತಿರುಗಿಸಿ ‘ಹ್ಞೂಂ’ ಎಂದರು. ಕರಿಬಸಮ್ಮ ಗಂಧ, ಕುಂಕುಮವನ್ನೆಲ್ಲ ಸೆರಗಿನಲ್ಲಿ ಒರೆಸಿದರು.

ಇನ್ನೂರ ಐವತ್ತೆರಡು.

ಚನ್ನವೀರಯ್ಯ ಡಬ್ಬಿಯನ್ನು ಎತ್ತಿ ಮತ್ತೊಮ್ಮೆ ಇಟ್ಟರು; ಅಂಕಿ ಬದಲಾಗಲಿಲ್ಲ. ಕಳೆದ ವಾರ ಇದೇ ತಕ್ಕಡಿಯಲ್ಲಿ ಇನ್ನೂರ ನಲವತ್ತೇಳು ಇದ್ದದ್ದು ಅವರಿಗೆ ಗೊತ್ತು. ಐದು ಗ್ರಾಂ ಎಲ್ಲಿಂದ ಬಂತೆಂಬುದೂ ಗೊತ್ತು. ನಿನ್ನೆ ಬ್ಯಾಟರಿಯ ಅಡಿಯಲ್ಲಿ ಅವರೊಂದು ತಾಮ್ರದ ಹಾಳೆ ಕೂರಿಸಿದ್ದರು: ‘ವಿಜ್ಞಾನಿ ಚನ್ನವೀರಯ್ಯ, ನಿಟ್ಟೂರು, ಹಾಲಿ ವಾಸ ಬಟವಾಡಿ’. ಲೆಕ್ಕದಲ್ಲಿ ಎರಡು ಗ್ರಾಂ ಮೀರುತ್ತಿತ್ತು; ವಿಜ್ಞಾನಿಗೆ ಇಷ್ಟೂ ರಿಯಾಯಿತಿ ಕೊಡುವುದಿಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿದ್ದರು.

“ಆಂಟೆನಾನೇ ಒಂಚೂರು ಕತ್ತರಿಸಿದ್ರೆ...” ಎಂದರು ಚನ್ನವೀರಯ್ಯ.

“ನನ್ ಟೇಪ್ ಮುಟ್ಬೇಡಿ! ಹೆಸ್ರೂ ಹೋಯ್ತು, ಟೇಪೂ ಹೋಗ್ಬೇಕಾ?” ಎಂದ ತಿಮ್ಮರಾಜು.

ಗೋಡೆಯ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಚನ್ನವೀರಯ್ಯ ತಕ್ಕಡಿಯ ಮೇಲಿನ ಡಬ್ಬಿಯನ್ನೇ ನೋಡಿದರು. ಮೂರು ವರ್ಷದ ಕೆಲಸ. ಸ್ಕ್ರೂಡ್ರೈವರ್ ಕೇಳಿ ಪಡೆದು, ನಾಲ್ಕು ಸ್ಕ್ರೂ ಬಿಚ್ಚಿ, ತಾಮ್ರದ ಹಾಳೆಯನ್ನು ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟರು. ಲಕ್ಷ್ಮೀಕಾಂತ್ ಅದನ್ನು ಎತ್ತಿ ಗಟ್ಟಿಯಾಗಿ ಓದಿದರು. ‘ಹಾಲಿ ವಾಸ’ಕ್ಕೆ ಬರುವಷ್ಟರಲ್ಲಿ ಅಂಗಡಿಯೆಲ್ಲ ನಗು.

“ಅಯ್ಯೋ ಕಳ್ಳ! ನಮ್ದೆಲ್ಲ ಕಿತ್ತಾಕಿ, ನಿಂದು ಗರ್ಭಗುಡಿ ಒಳಗೆ ಮಡಗಿದ್ಯಾ?” ಎಂದು ವೆಂಕಟರಂಗಯ್ಯ ತೊಡೆ ತಟ್ಟಿಕೊಂಡರು. ಕೋಪ ಆ ನಗುವಿನಲ್ಲೇ ಕರಗಿಹೋಯಿತು.

ಇನ್ನೂರ ನಲವತ್ತೇಳು.

“ಹೆಸರಿಗೇನು ತೂಕ ಇರುತ್ತೇನ್ರೀ?” ಎಂದರು ಕರಿಬಸಮ್ಮ. “ಅದು ಲೊಚ ಲೊಚ ಅನ್ನುತ್ತಲ್ಲ, ಅದರಲ್ಲೇ ಹೇಳಿಸಿಬಿಡಿ.”

ಚನ್ನವೀರಯ್ಯ ಹೆಂಡತಿಯನ್ನು ಹೊಸದಾಗಿ ನೋಡುವಂತೆ ನೋಡಿದರು. ಓಡಿಹೋಗಿ ಲ್ಯಾಪ್‌ಟಾಪ್ ತಂದು, ಉಪಗ್ರಹ ಬಿತ್ತರಿಸುವ ಟಿಕ್‌ಟಿಕ್ ಸಂಕೇತದಲ್ಲಿ ಮೂವರ ಹೆಸರನ್ನೂ ತುಂಬಿದರು. ವೆಂಕಟರಂಗಯ್ಯನವರ ಹೆಸರು ಉದ್ದವಾದ್ದರಿಂದ ಹೆಚ್ಚು ಹೊತ್ತು ಕೇಳಿಸುತ್ತದೆ ಎಂದಾಗ ಅವರು ಫೋನ್ ನಂಬರಿನ ಆಸೆ ಬಿಟ್ಟರು.

“ನಿಮ್ದು?” ಎಂದ ಅಶ್ವಥ್.

“ನಂದು ಬೇಡಪ್ಪ,” ಎಂದರು ಚನ್ನವೀರಯ್ಯ, ತ್ಯಾಗಿಯಂತೆ. ಲ್ಯಾಪ್‌ಟಾಪ್ ಮುಚ್ಚುತ್ತ, “ಆದರೆ ರೇಡಿಯೋ ಪರವಾನಗಿ ಇರೋದು ನನ್ನ ಹೆಸರಲ್ಲಿ, ಅದರ ಗುರುತಿನ ಸಂಕೇತ ಮೊದಲು ಬರಲೇಬೇಕು. ಸರ್ಕಾರದ ರೂಲ್ಸು. ನಾನೇನ್ ಮಾಡ್ಲಿ?”

ಮೂರೂವರೆಗೆ ಬೆಂಗಳೂರಿನಲ್ಲಿ ಡಬ್ಬಿ ಒಪ್ಪಿಸಿ, ರಸೀದಿಯನ್ನು ಕೈವಸ್ತ್ರದಲ್ಲಿ ಮಡಚಿ ತಂದರು.

ರಾಕೆಟ್ ಹಾರಿದ್ದು ಐದು ತಿಂಗಳ ಮೇಲೆ. ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ತಾರಸಿಯ ಮೇಲಿದ್ದರು. ರೇಡಿಯೋದಲ್ಲಿ ಬರೀ ಗೊರಗೊರ. ಆಮೇಲೆ, ಬಹಳ ದೂರದಿಂದ, ಹಲ್ಲಿ ಲೊಚಗುಟ್ಟಿತು. ಚನ್ನವೀರಯ್ಯ ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ಹೆಸರು ಬಿಡಿಸಿ ಹೇಳಿದರು. ಎಂಟು ನಿಮಿಷಕ್ಕೆ ಸದ್ದು ದಕ್ಷಿಣಕ್ಕೆ ಸರಿದು ಅಡಗಿತು.

“ಈಗೆಲ್ಲೋಯ್ತು?” ಎಂದರು ವೆಂಕಟರಂಗಯ್ಯ.

“ಸಿಂಹಳ ದಾಟಿ, ಸಮುದ್ರದ ಮೇಲೆ.”

“ಅಲ್ಲೂ ನನ್ ಹೆಸ್ರು ಹೇಳುತ್ತಾ?”

“ಹೇಳುತ್ತೆ.”

ವೆಂಕಟರಂಗಯ್ಯ ಯೋಚನೆಗೆ ಬಿದ್ದರು. “ಅಲ್ಲಿ ನಮ್ಮೋರು ಯಾರವ್ರೆ? ಅದನ್ನ ಗುಬ್ಬಿ ಮೇಲೆ ಒಸಿ ನಿಧಾನಕ್ಕೆ ಹೋಗೋ ಹಂಗೆ ಮಾಡಕ್ಕಾಗಲ್ವಾ, ಚನ್ನವೀರಯ್ಯ?”