ಓದಿಲ್ಲ ಎಂದಿದ್ದ ಪುಸ್ತಕದಲ್ಲಿ ನನ್ನ ಸಹಿ

ಶಿವಾಜಿನಗರದ ಹೋಟೆಲೊಂದರಲ್ಲಿ ದೇಸಾಯಿಯವರು ಚೀಲದಿಂದ ತೆಗೆದಿಟ್ಟ ಹಳೆಯ ಕಾದಂಬರಿಯ ಮೊದಲ ಪುಟದಲ್ಲಿ ನನ್ನ ಸಹಿ ಇತ್ತು. ಕಳೆದ ತಿಂಗಳಷ್ಟೇ ನಮ್ಮ ಆನ್‌ಲೈನ್ ಓದುಗರ ಗುಂಪಿನಲ್ಲಿ ಅವರು ಅದೇ ಕಾದಂಬರಿಯನ್ನು ಓದಲು ಹೇಳಿದ್ದರು. ‘ಹೆಸರೇ ಕೇಳಿಲ್ಲ’ ಎಂದು ನಾನು ಹೊಸ ಪ್ರತಿ ತರಿಸಿ ಓದಿ, ಬಾಯ್ತುಂಬ ಹೊಗಳಿ ಬರೆದಿದ್ದೆ. ಎರಡು ವರ್ಷ ಬರೀ ಸಂದೇಶಗಳಲ್ಲಿ ಬೆಳೆದ ಸ್ನೇಹ ನಮ್ಮದು. ಮುಖ ನೋಡಿದ್ದು ಅಂದೇ ಮೊದಲು.

“ಕ್ಯಾಂಪ್ ಏರಿಯಾದ ಹಳೇ ಪುಸ್ತಕದ ಅಂಗಡ್ಯಾಗ ಮೊನ್ನೆ ಸಿಕ್ತು ರೀ. ನಿಮ್ಮದು ನಿಮಗ ಕೊಡೂಣು ಅಂತ ತಂದೆ,” ಎಂದರು.

ಪುಟ ತಿರುವಿದೆ. ಅಂಚಿನಲ್ಲೆಲ್ಲ ಪೆನ್ಸಿಲಿನ ಜಗಳ: ‘ಟೊಳ್ಳು’, ‘ನಂಬಲಾಗದು’. ನನ್ನನ್ನು ಪೇಚಿಗೆ ಸಿಲುಕಿಸಲು ಇವರೇ ಗೀಚಿರಬಹುದೇ? ಕೇಳಿಯೇಬಿಟ್ಟೆ.

“ಇಷ್ಟು ಕೆಟ್ಟ ಅಕ್ಷರ ನನಗ ಬರೂದಿಲ್ಲ ರೀ ಸರ!” ಎಂದು ನಕ್ಕರು. ಆದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮನೆಗೆ ಬಂದು ವಿಶ್ವವಿದ್ಯಾಲಯದ ದಿನಗಳ ನೋಟ್‌ಬುಕ್ ಹುಡುಕಿ ಹೋಲಿಸಿದೆ. ಅಕ್ಷರ ನನ್ನದೇ. ಕ್ಷಮೆ ಕೇಳಿ ಬರೆದೆ. ಉತ್ತರವಾಗಿ ದೇಸಾಯಿಯವರು ಇನ್ನೊಂದು ಪುಸ್ತಕದ ಹೆಸರು ಕಳಿಸಿ, ‘ಇದನ್ನ ಓದೀರೇನು?’ ಎಂದು ಕೇಳಿದ್ದಾರೆ. ‘ಇಲ್ಲ’ ಎಂದು ಟೈಪ್ ಮಾಡಿ ಎರಡು ದಿನವಾಯಿತು. ಕಳಿಸಲು ಧೈರ್ಯ ಬಂದಿಲ್ಲ.